ಅಜ್ಜನ ಹೆಸರಲ್ಲೇ ಇರುವ ಅಂಗಡಿ: ಊರಿನವರ ಲೆಕ್ಕವೆಲ್ಲ ಕಿರ್ದಿಯಲ್ಲಿದೆ, ನಮ್ಮ ಮನೆಯದ್ದೇ ಇಲ್ಲ

ಅಂಗಡಿ ಮೊಮ್ಮಗ:

ಸಾಗರ ತಾಲೂಕಿನ ಒಂದು ಹಳ್ಳಿಯಲ್ಲಿ ನಮ್ಮದು ದಿನಸಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ಅಜ್ಜ ಶುರು ಮಾಡಿದ್ದು, ಅಪ್ಪ ನಡೆಸಿದ್ದು, ಈಗ ಗಲ್ಲಾ ಮುಂದೆ ನಾನು. ಹಂಚಿನ ಮಾಡು ಸೋರುತ್ತಿದೆ. ಹೋದ ಮಳೆಗಾಲದಲ್ಲಿ ಒಂದು ಮೂಟೆ ಸಕ್ಕರೆ ಪಾಕವಾಯಿತು. ಸ್ಲ್ಯಾಬ್ ಹಾಕಿಸೋಣ ಅಂತ ಸಾಲ ಕೇಳಲು ಬ್ಯಾಂಕಿಗೆ ಹೋದೆ. ಮ್ಯಾನೇಜರ್ ಕೇಳಿದ ಮೊದಲ ಪ್ರಶ್ನೆ, "ಜಾಗದ ಖಾತೆ ಯಾರ ಹೆಸರಲ್ಲಿದೆ?"

ಅಜ್ಜನ ಹೆಸರಲ್ಲಿದೆ. ಅಜ್ಜ ತೀರಿಕೊಂಡಿದ್ದು 1988ರಲ್ಲಿ. ಪಂಚಾಯಿತಿಯ ಕಂದಾಯದ ರಸೀದಿ ಇವತ್ತಿಗೂ ಅವರ ಹೆಸರಿಗೇ ಬರುತ್ತದೆ. ನಾವೂ ಸುಮ್ನೆ ಕಟ್ಟಿಕೊಂಡು ಬಂದಿದ್ದೇವೆ.

ಸ್ವಲ್ಪ ಹಿಂದಿನ ಕಥೆ ಹೇಳಬೇಕು. ಅಜ್ಜನ ಮೊದಲ ಅಂಗಡಿ ಈ ಊರಲ್ಲಿ ಇರಲಿಲ್ಲ. ಅದು ಈಗ ಶರಾವತಿ ಹಿನ್ನೀರಿನ ಕೆಳಗಿದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಊರಿಗೆ ಊರೇ ಎದ್ದು ಬಂತಲ್ಲ, ಆ ಗುಂಪಿನಲ್ಲಿ ನಮ್ಮವರೂ ಬಂದರು. ಎತ್ತಿನ ಗಾಡಿಯಲ್ಲಿ ತಂದದ್ದು ತಕ್ಕಡಿ, ಗಲ್ಲಾಪೆಟ್ಟಿಗೆ, ಪಾತ್ರೆಪಗಡ, ಆಮೇಲೆ ಕೆಂಪು ಬಟ್ಟೆಯಲ್ಲಿ ಸುತ್ತಿದ ಕಿರ್ದಿ ಪುಸ್ತಕಗಳ ಗಂಟು. ಮುಳುಗಿದ ಊರಿನವರ ಬಾಕಿ ಅದರಲ್ಲಿತ್ತು. ಅವರಲ್ಲಿ ಅರ್ಧ ಜನ ಯಾವ ದಿಕ್ಕಿಗೆ ಹೋದರು ಅಂತಲೇ ಗೊತ್ತಾಗಲಿಲ್ಲವಂತೆ. ಪರಿಹಾರದ ದುಡ್ಡಿನಲ್ಲಿ ಅಜ್ಜ ಈ ಜಾಗ ತಗೊಂಡರು. ವಿಲ್ ಬರೆಯಲಿಲ್ಲ. ಪಾಲೂ ಆಗಲಿಲ್ಲ. ಅಜ್ಜಿ ಹೋಗಿದ್ದು 2003ರಲ್ಲಿ.

ಈಗ ಉಳಿದವರು ಅತ್ತೆ, ಅಪ್ಪ, ಚಿಕ್ಕಪ್ಪ. ಅತ್ತೆ ಎಲ್ಲರಿಗಿಂತ ದೊಡ್ಡವರು. 1975ರಲ್ಲಿ ಮದುವೆಯಾಗಿ ಹೊಸನಗರದ ಕಡೆ ಹೋದವರು. ಚಿಕ್ಕಪ್ಪ ಬೆಂಗಳೂರಲ್ಲಿದ್ದಾರೆ, ಎಲ್ಲಿ ಬೇಕಾದರೂ ಸಹಿ ಹಾಕುತ್ತೇನೆ ಅನ್ನುತ್ತಾರೆ. ಅಪ್ಪನದ್ದು ಒಂದೇ ಮಾತು, "ಅಕ್ಕನಿಗೆ ಮದುವೆಯಲ್ಲಿ ಕೊಡೋದು ಕೊಟ್ಟಾಗಿದೆ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿದರೆ ಮುಗೀತು."

ನಾನು ಅತ್ತೆಗೆ ಫೋನ್ ಮಾಡಿ ವಿಷಯ ಹೇಳಿದೆ. ಅವರು ಪಾಲು ಕೊಡಿ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. "ಬರ್ತೀನಿ, ಹಳೇ ಪುಸ್ತಕ ತೆಗೆದಿಟ್ಟಿರು" ಅಂದರು. ಅಷ್ಟೇ. ಅಪ್ಪನಿಗೆ ಅವತ್ತಿಂದ ನಿದ್ದೆ ಇಲ್ಲ. ಏನು ಮಾಡೋದು ಹೇಳಿ.

ಕರಿಕೋಟು:

ನಾನು ವಕೀಲ. ಕಾಗದ ನೋಡದೆ ಹೇಳೋದು ಪೂರ್ತಿ ಸಲಹೆ ಅಲ್ಲ, ಆದರೂ ದಾರಿ ತೋರಿಸುತ್ತೇನೆ.

ಇಂಥ ವಿಷಯ ಬಂದ ಕೂಡಲೇ ಎಲ್ಲರೂ "2005ರ ಕಾಯ್ದೆ" ಅಂತ ಶುರು ಮಾಡುತ್ತಾರೆ, ಅಂದರೆ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟ ತಿದ್ದುಪಡಿ. ಅದಕ್ಕೂ ಮೊದಲು ಒಂದು ಪ್ರಶ್ನೆ ಇದೆ. ಆ ಜಾಗ ನಿಮ್ಮಜ್ಜ ಸ್ವಂತ ದುಡಿಮೆಯಿಂದ ತಗೊಂಡಿದ್ದಾ? ಹಾಗಿದ್ದರೆ 2005 ಬೇಡವೇ ಬೇಡ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರವೇ ವಿಲ್ ಬರೆಯದೆ ಸತ್ತವನ ಸ್ವಂತ ಆಸ್ತಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳಿಗೆ ಸಮನಾಗಿ ಹೋಗುತ್ತದೆ. 1988ರಲ್ಲಿ ಅಜ್ಜಿಗೆ ಕಾಲು ಪಾಲು, ಮೂವರು ಮಕ್ಕಳಿಗೆ ಒಂದೊಂದು ಕಾಲು. ಅಜ್ಜಿ ತೀರಿಕೊಂಡಾಗ ಅವರ ಕಾಲು ಪಾಲು ಮತ್ತೆ ಈ ಮೂವರಿಗೇ ಬಂತು. ಅತ್ತೆಗೆ ಮೂರರಲ್ಲಿ ಒಂದು.

ಮುಳುಗಿದ್ದು ಪಿತ್ರಾರ್ಜಿತ ಜಮೀನು, ಅದರ ಪರಿಹಾರದಿಂದ ಜಾಗ ತಗೊಂಡಿದ್ದು ಅಂತಾದರೆ ಈ ಜಾಗವೂ ಪಿತ್ರಾರ್ಜಿತವೇ ಅಂತ ವಾದ ಮಾಡಬಹುದು. ಆಗ 2005 ಬರುತ್ತದೆ. ನಮ್ಮ ರಾಜ್ಯದಲ್ಲಿ 1994ರಲ್ಲೇ ಹೆಣ್ಣುಮಕ್ಕಳಿಗೆ ಈ ಹಕ್ಕು ಕೊಟ್ಟಿದ್ದರು, ಆದರೆ ಅದಕ್ಕೂ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿದ್ದರು. 2005ರ ಕೇಂದ್ರ ತಿದ್ದುಪಡಿಯಲ್ಲಿ ಮದುವೆಯ ಭೇದ ಇಲ್ಲ. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟ ಮಾಡಿತು: ಈ ಹಕ್ಕು ಹುಟ್ಟಿನಿಂದಲೇ ಬರೋದು, 2005ರಲ್ಲಿ ಅಪ್ಪ ಬದುಕಿರಬೇಕು ಅಂತಿಲ್ಲ. ಆ ಲೆಕ್ಕ ಬಿಡಿಸಿದರೂ ನಿಮ್ಮತ್ತೆಯದ್ದು ಮೂರರಲ್ಲಿ ಒಂದರ ಹತ್ತಿರವೇ ನಿಲ್ಲುತ್ತದೆ.

"ಮದುವೆಯಲ್ಲಿ ಕೊಟ್ಟಾಗಿದೆ" ಅನ್ನೋದನ್ನು ಅಪ್ಪ ಜಗಲಿ ಮೇಲೆ ಹೇಳಲಿ, ಕೋರ್ಟಿನಲ್ಲಿ ಬೇಡ. ವರದಕ್ಷಿಣೆ ನಿಷೇಧ ಕಾಯ್ದೆ ಬಂದಿದ್ದು 1961ರಲ್ಲಿ, ಇವರ ಮದುವೆ 1975ರಲ್ಲಿ.

ಹಕ್ಕು ಬಿಟ್ಟವಳು:

ವಕೀಲರು ಕಾಯ್ದೆ ಹೇಳಿದರು, ನಾನು ಅನುಭವ ಹೇಳುತ್ತೇನೆ. ನಮ್ಮದೂ ತವರಲ್ಲಿ ಅಂಗಡಿ, ಬಟ್ಟೆಯದ್ದು. ಅಪ್ಪ ಹೋದ ವರ್ಷವೇ ಅಣ್ಣ ಬಂದು "ಒಂದು ಸಹಿ ಇದೆ, ಬಾ" ಅಂತ ಕರೆದುಕೊಂಡು ಹೋದ. ಉಪನೋಂದಣಿ ಕಚೇರಿಯ ಹೊರಗೆ ಬೆಂಚಿನ ಮೇಲೆ ಕೂರಿಸಿದ. ಹೆಬ್ಬೆಟ್ಟು, ಫೋಟೋ, ಸಹಿ, ಹತ್ತು ನಿಮಿಷ. ಆಮೇಲೆ ಹೋಟೆಲಲ್ಲಿ ಮಸಾಲೆ ದೋಸೆ. ಪತ್ರದಲ್ಲಿ "ಅರಿಶಿನ ಕುಂಕುಮಕ್ಕೆ" ಅಂತ ಒಂದು ಮೊತ್ತ ಬರೆದಿತ್ತು ಅಂತ ನನಗೆ ಗೊತ್ತಾಗಿದ್ದು ಎರಡು ವರ್ಷ ಆದ ಮೇಲೆ. ಆ ಮೊತ್ತವೂ ಕೈಗೆ ಬಂದಿರಲಿಲ್ಲ.

ಈಗಲೂ ಗೌರಿ ಹಬ್ಬಕ್ಕೆ ಬಾಗಿನ ತಪ್ಪಿಸಿಲ್ಲ. ಸೀರೆ ಮಾತ್ರ ಅಂಗಡಿಯಲ್ಲಿ ಖರ್ಚಾಗದೆ ಉಳಿದದ್ದು. ಬಣ್ಣ ನೋಡಿದರೆ ಗೊತ್ತಾಗುತ್ತೆ.

ನಿಮ್ಮತ್ತೆ "ಬರ್ತೀನಿ" ಅಂದಿದ್ದಾರಲ್ಲ, ಬರಲಿ. ಪತ್ರ ಟೈಪ್ ಮಾಡಿಸಿ ರೆಡಿ ಇಟ್ಟುಕೊಂಡು ಕೂರಬೇಡಿ.

ಹಳೇ ಶಾನುಭೋಗ:

ಹೆಸರು ನೋಡಿ ವಂಶದ ಶಾನುಭೋಗ ಅಂದುಕೊಳ್ಳಬೇಡಿ. ಆ ಪದ್ಧತಿ 1963ರಲ್ಲೇ ಹೋಯಿತು. ನಾನು ಗ್ರಾಮ ಲೆಕ್ಕಿಗನಾಗಿ ನಿವೃತ್ತನಾದವನು. ಮಲೆನಾಡಲ್ಲಿ ಕೆಲಸ ಮಾಡಿದ ಕಾರಣ ಎರಡು ಮಾತು.

ಖಾತೆ ಅಂದರೆ ಮಾಲೀಕತ್ವ ಅಲ್ಲ. ಕಂದಾಯ ಯಾರಿಂದ ವಸೂಲಿ ಮಾಡಬೇಕು ಅನ್ನೋ ದಾಖಲೆ ಅಷ್ಟೇ. ಆದರೆ ಬ್ಯಾಂಕಿನವರು ಕೇಳೋದು ಅದನ್ನೇ. ಮೊದಲು ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸಿ. ಅದರಲ್ಲಿ ಅತ್ತೆಯ ಹೆಸರು ಬಿಟ್ಟು ಮಾಡಿಸಿಕೊಡ್ತೀವಿ ಅನ್ನೋ ಜನ ಸಿಗುತ್ತಾರೆ, ಅವರ ಹತ್ತಿರವೂ ಸುಳಿಯಬೇಡಿ. ಆಮೇಲೆ ಪಂಚಾಯಿತಿಯಲ್ಲಿ ಖಾತೆ ಬದಲಾವಣೆ, ಆಮೇಲೆ ಇ-ಸ್ವತ್ತು ಅನ್ನೋ ಪಂಚಾಯಿತಿಯ ಕಂಪ್ಯೂಟರ್ ದಾಖಲೆಯಲ್ಲಿ ನಮೂನೆ 9, ನಮೂನೆ 11.

ಇನ್ನೊಂದು. ನೀವು ಮುಳುಗಡೆಯವರು. ಜಾಗದ ಮೂಲ ನೋಡಿ. ನಿಮ್ಮಜ್ಜ ಇನ್ನೊಬ್ಬರಿಂದ ಕ್ರಯಕ್ಕೆ ತಗೊಂಡಿದ್ದರೆ ಪುಣ್ಯವಂತರು. ಸರ್ಕಾರ ತೋರಿಸಿದ ಕಡೆ ಗುಡಿಸಲು ಹಾಕಿಕೊಂಡ ಎಷ್ಟೋ ಕುಟುಂಬಗಳ ಜಾಗ ದಾಖಲೆಯಲ್ಲಿ ಇನ್ನೂ ಕಾಡು. ಅಣೆಕಟ್ಟು ಆಗಿ 60 ವರ್ಷ ದಾಟಿತು, ಹಕ್ಕುಪತ್ರಕ್ಕೆ ಇನ್ನೂ ಓಡಾಡುತ್ತಿದ್ದಾರೆ.

ಅಂಗಡಿ ಮೊಮ್ಮಗ:

ಕ್ರಯಪತ್ರ ಇದೆ ಸಾರ್, 1965ರದ್ದು. ಅಜ್ಜನ ಪೆಟ್ಟಿಗೆಯಲ್ಲಿ ಸಿಕ್ಕಿತು. ಗೆದ್ದಲು ಒಂದು ಮೂಲೆ ತಿಂದಿದೆ, ಚಕ್ಕುಬಂದಿ, ಅಂದರೆ ನಾಲ್ಕು ಕಡೆಯ ಗಡಿ, ಓದಲು ಬರುತ್ತದೆ.

ಪುಸ್ತಕದ ಗಂಟನ್ನೂ ಬಿಚ್ಚಿದೆ. ಎಲ್ಲಕ್ಕಿಂತ ಹಳೆಯದು 1957ರದ್ದು. ಅದರಲ್ಲಿ ರೂಪಾಯಿ, ಆಣೆ, ಪೈ ಅಂತ ಮೂರು ಗೆರೆ. ಏಪ್ರಿಲ್ ಆದ ಮೇಲೆ ಆಣೆಯ ಮನೆಯನ್ನು ಹೊಡೆದು ಪಕ್ಕದಲ್ಲಿ ನಯಾಪೈಸೆ ಬರೆದಿದ್ದಾರೆ. ಮೂರಾಣೆಗೆ 19 ನಯಾಪೈಸೆ, ಒಂದಾಣೆಗೆ 6. ಪುಟದ ಹಿಂದೆ ಅಜ್ಜ ಪೂರ್ತಿ ಕೋಷ್ಟಕವನ್ನೇ ಬರೆದುಕೊಂಡಿದ್ದಾರೆ, ಮಗ್ಗಿ ಬರೆದ ಹಾಗೆ. ಇನ್ನೊಂದು ಪುಸ್ತಕದಲ್ಲಿ ಸೇರು ಹೋಗಿ ಕಿಲೋ ಬಂದ ಕಾಲ. ಪಾವು, ಅಚ್ಚೇರು ಅಂತ ಬರೆದು ಹೊಡೆದು ಗ್ರಾಂ ಮಾಡಿದ್ದಾರೆ. ಅಪ್ಪ ಹೇಳುತ್ತಿದ್ದರು, ಜನ ಆಗ "ಕಿಲೋ ಬೇಡ, ಸೇರಿನ ಲೆಕ್ಕದಲ್ಲೇ ಕೊಡಿ" ಅಂತ ಜಗಳ ಆಡುತ್ತಿದ್ದರಂತೆ.

ಪ್ರತಿ ಮನೆಗೂ ಒಂದೊಂದು ಪುಟ. ಅಡಿಕೆ ಕೊಯ್ಲು ಮುಗಿದು ಮಂಡಿಯಲ್ಲಿ ದುಡ್ಡು ಬಂದ ಮೇಲೆ ವಸೂಲಿ. ವರ್ಷಕ್ಕೆ ಒಂದೇ ಸಲ. ಒಂದು ಥರದ ನಂಬಿಕೆ ಮೇಲೆ ನಡೆದ ವ್ಯಾಪಾರ ಅದು.

ಶರಾವತಿ ಆಚೆ:

ನಂಬಿಕೆ ಅಂದಿದ್ದಕ್ಕೆ ಬರೆಯುತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ. ನಾವು ಆ ಪುಸ್ತಕದ ಇನ್ನೊಂದು ಪಕ್ಕದವರು. ನಮ್ಮಜ್ಜಿ ಕೂಲಿ ಮಾಡುತ್ತಿದ್ದರು. ಅಂಗಡಿಯವರ ಪುಸ್ತಕದಲ್ಲಿ ಏನು ಬರೆದಿದೆ ಅಂತ ಅವರಿಗೆ ಓದಲು ಬರುತ್ತಿರಲಿಲ್ಲ. ನಗದು ಕೊಟ್ಟವರಿಗೆ ಒಂದು ದರ, ಉದ್ರಿಯವರಿಗೆ ಇನ್ನೊಂದು ದರ. ಇದು ಎಲ್ಲಾ ಊರಲ್ಲೂ ಇತ್ತು.

ನಮ್ಮ ಹಿತ್ತಾಳೆ ಹಂಡೆ ಅಂಗಡಿಯಲ್ಲಿ ಅಡವಿತ್ತು. ಮಗಳ ಬಾಣಂತನಕ್ಕೆ ಬಿಸಿನೀರು ಕಾಯಿಸಲು ಪಕ್ಕದ ಮನೆಯಿಂದ ಹಂಡೆ ತಂದರಂತೆ. ದೇವರಾಜ ಅರಸರ ಸರ್ಕಾರ 1976ರಲ್ಲಿ ಋಣ ಪರಿಹಾರ ಕಾಯ್ದೆ ತಂತಲ್ಲ, ಸಣ್ಣ ರೈತರು, ಕೂಲಿಗಳ ಖಾಸಗಿ ಸಾಲ ಮನ್ನಾ, ಅಡವಿಟ್ಟ ವಸ್ತು ವಾಪಸ್ ಅಂತ, ಆಗ ಹಂಡೆ ಮನೆಗೆ ಬಂತು. ಅಜ್ಜಿ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಅಂಗಳದಲ್ಲಿ ಬಿಸಿಲಿಗೆ ಇಟ್ಟು, ಹೋಗೋರು ಬರೋರಿಗೆಲ್ಲ ಕಾಣೋ ಹಾಗೆ ಮಾಡಿದ್ದರು. ಅದು ಈಗ ನನ್ನ ಅಡುಗೆಮನೆಯಲ್ಲಿದೆ.

ನಮ್ಮ ಸಾಗರ ಸೀಮೆಯಲ್ಲಿ ಅಳತೆಯೇ ಒಂದು ಹೋರಾಟ. ಕಾಗೋಡು ಸತ್ಯಾಗ್ರಹ 1951ರಲ್ಲಿ ಆಯಿತಲ್ಲ, ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಕಟ್ಟಿದ್ದು, ಲೋಹಿಯಾ ಬಂದು ಅರೆಸ್ಟ್ ಆಗಿದ್ದು, ಎಲ್ಲದರ ಬುಡದಲ್ಲಿ ಇದ್ದದ್ದು ಕೊಳಗದ ಜಗಳ. ಗೇಣಿ ಅಳೆಯುವಾಗ ಒಡೆಯರ ಕೊಳಗ ದೊಡ್ಡದು. ಅಳತೆ ಯಾರ ಕೈಯಲ್ಲಿದೆ ಅನ್ನೋದು ಸಣ್ಣ ವಿಷಯ ಅಲ್ಲ.

ಅಂಗಡಿ ಮೊಮ್ಮಗ:

ಬೇಜಾರೇನಿಲ್ಲ. ನಮ್ಮ ಮನೆಯಲ್ಲೂ ಆ ವರ್ಷದ ಕಥೆ ಇದೆ, ಆದರೆ ಬೇರೆ ಥರ ಹೇಳುತ್ತಾರೆ. ಅಜ್ಜಿ ಹೇಳುತ್ತಿದ್ದದ್ದು: "ಅಟ್ಟದಿಂದ ಪಾತ್ರೆ ಇಳಿಸಿ ಇಳಿಸಿ ಸೊಂಟ ಹೋಯ್ತು. ನಿಮ್ಮಜ್ಜ ಮೂರು ದಿನ ಊಟ ಮಾಡಲಿಲ್ಲ." 1976ರ ಪುಸ್ತಕದಲ್ಲಿ ಹಲವು ಪುಟಗಳಿಗೆ ಅಡ್ಡಗೆರೆ ಇದೆ, ಕೆಳಗೆ "ಕಾಯ್ದೆ" ಅಂತ ಒಂದೇ ಪದ. ನಾನು ಚಿಕ್ಕವನಿದ್ದಾಗ ಅದು ಅನ್ಯಾಯ ಅಂತಲೇ ಕೇಳಿ ಬೆಳೆದೆ. ನಿಮ್ಮ ಹಂಡೆಯ ಮಾತು ಓದಿದ ಮೇಲೆ ಆ ಪುಟ ಮತ್ತೆ ತೆಗೆದು ನೋಡಿದೆ. ಉದ್ರಿ ದರ ಜಾಸ್ತಿ ಇತ್ತು. ಪುಸ್ತಕವೇ ಹೇಳುತ್ತದೆ.

ಬ್ಯಾಡಗಿ ಕಡೆಯವ:

ನಮ್ಮ ಕಡೆ ಅಡಿಕೆ ಬದಲು ಮೆಣಸಿನಕಾಯಿ, ಉಳಿದದ್ದೆಲ್ಲ ಅದೇ. ಉದ್ರಿಯ ಕಾನೂನು ಗೊತ್ತಿಲ್ಲದೆ ನಮ್ಮಪ್ಪ ಕೈ ಸುಟ್ಟುಕೊಂಡರು, ಅದನ್ನು ಹೇಳಿಬಿಡುತ್ತೇನೆ. ಬೇರೆ ಅಂಗಡಿಯವರಿಗಾದರೂ ಉಪಯೋಗವಾಗಲಿ.

ಒಬ್ಬರ ಮೇಲೆ ದೊಡ್ಡ ಬಾಕಿ ಇತ್ತು. ಊರವರು, ದಿನಾ ನಮಸ್ಕಾರ ಹೇಳೋರು. ಕೇಳೋದು ಹೇಗೆ ಅಂತ ನಾಲ್ಕು ವರ್ಷ ಬಿಟ್ಟರು. ಕೊನೆಗೆ ದಾವೆ ಹಾಕಿದರೆ ಎದುರು ವಕೀಲರು ಕೇಳಿದ್ದು ಮೂರೇ ಪ್ರಶ್ನೆ. ಈ ಬರವಣಿಗೆ ಯಾರದ್ದು? ಗಿರಾಕಿಯ ಸಹಿ ಎಲ್ಲಿದೆ? ಮಾಲು ಕೊಟ್ಟದ್ದು ಯಾವತ್ತು? ಅಪ್ಪ ಮೂರನೇ ಪ್ರಶ್ನೆಗೆ ತಾರೀಖು ಹೇಳಿದರು, ಅಲ್ಲಿಗೆ ಮುಗೀತು. ಮಾಲು ಕೊಟ್ಟ ದಿನದಿಂದ 3 ವರ್ಷದೊಳಗೆ ದಾವೆ ಹಾಕಬೇಕಿತ್ತು.

ಹೊರಗೆ ಬಂದ ಮೇಲೆ ನಮ್ಮ ವಕೀಲರು ಹೇಳಿದ್ದನ್ನು ಅಪ್ಪ ಆಮೇಲೆ ಜೀವನಪೂರ್ತಿ ಪಾಲಿಸಿದರು: ಪ್ರತಿ ಯುಗಾದಿಗೆ ಗಿರಾಕಿ ಹತ್ತಿರ "ಇಷ್ಟು ಬಾಕಿ ನಿಜ" ಅಂತ ಬರೆಸಿ ತಾರೀಖು ಹಾಕಿ ಸಹಿ ತಗೋಳ್ಳಿ. ಅವಧಿ ಮುಗಿಯೋ ಮೊದಲು ಸಹಿ ಸಿಕ್ಕರೆ ಅಲ್ಲಿಂದ ಹೊಸ 3 ವರ್ಷ. ಬರೀ ಲೆಕ್ಕದ ಪುಸ್ತಕ ತೋರಿಸಿದರೆ ಸಾಲದು, ಅದಕ್ಕೆ ಬೇರೆ ಸಾಕ್ಷಿ ಬೇಕು ಅಂತ 1872ರ ಸಾಕ್ಷ್ಯ ಕಾಯ್ದೆಯಲ್ಲೇ ಇತ್ತು. ಈಗಿನ ಹೊಸ ಕಾಯ್ದೆಯಲ್ಲೂ ಇದೆ.

ಚಿಕ್ಕಪ್ಪನ ಜೊತೆ ಪಾಲುದಾರಿಕೆ ಇದ್ದರೆ ಅದನ್ನೂ ನೋಂದಣಿ ಮಾಡಿಸಿ. ನೋಂದಣಿ ಇಲ್ಲದ ಫರ್ಮು ಬಾಕಿದಾರರ ಮೇಲೆ ದಾವೆ ಹಾಕಲು ಬರಲ್ಲ. ಇದು ನಮಗೆ ಎರಡನೇ ಕೇಸಲ್ಲಿ ಗೊತ್ತಾಯಿತು. ಎರಡು ಕೇಸು, ಎರಡು ಪಾಠ, ವಸೂಲಿ ಸೊನ್ನೆ.

ಉಡುಪಿ ಜೀನಸು:

ನಮ್ಮಲ್ಲಿ ಕಥೆ ಉಲ್ಟಾ ಮಾರಾಯ್ರೆ. ನಾವು ಅಳಿಯಕಟ್ಟಿನವರು. ನನ್ನ ಅಜ್ಜಿಯ ಅಣ್ಣ ಜೀನಸು ಅಂಗಡಿ ಇಟ್ಟಿದ್ದರು. ಕುಟುಂಬದ ಆಸ್ತಿ ತಂಗಿಯ ಮಕ್ಕಳಿಗೆ ಹೋಗುವ ಕಾಲ ಅದು. ಅವರಿಗೆ ಸ್ವಂತ ಮಕ್ಕಳ ಮೇಲೆ ಪ್ರೀತಿ. ಹಾಗಾಗಿ ಅಂಗಡಿ ಪಕ್ಕದ ಜಾಗವನ್ನು ಹೆಂಡತಿಯ ಹೆಸರಲ್ಲಿ ತಗೊಂಡರು, ಅಂಗಡಿ ಮಾತ್ರ ಕುಟುಂಬದ ಹೆಸರಲ್ಲಿ ಬಿಟ್ಟರು. ಆಮೇಲೆ 1956ರ ಕಾಯ್ದೆ ಬಂತು. ಇವತ್ತಿಗೂ ಒಂದೇ ಗೋಡೆಯ ಆಚೆ ಒಂದು ಕುಟುಂಬ, ಈಚೆ ಒಂದು ಕುಟುಂಬ. ಗೋಡೆ ಯಾರದ್ದು ಅಂತ ತೀರ್ಮಾನ ಆಗಲಿಲ್ಲ. ಸುಣ್ಣ ಹೊಡೆಯಲು ಎರಡೂ ಕಡೆಯವರು ಹೋಗುವುದಿಲ್ಲ.

ಲೆಕ್ಕದಮ್ಮ:

ತೆರಿಗೆ ಕೆಲಸ ಮಾಡುವವಳು ನಾನು. ಎಲ್ಲರೂ ಅಜ್ಜನ ಕಾಲದಲ್ಲೇ ಇದ್ದೀರಿ. ಚರ್ಚೆ ಶುರು ಮಾಡಿದವರಿಗೆ ಒಂದು ಪ್ರಶ್ನೆ. ಈಗಿನ ಅಂಗಡಿ ಯಾರ ಹೆಸರಲ್ಲಿ ನಡೆಯುತ್ತಿದೆ?

ಅಂಗಡಿ ಮೊಮ್ಮಗ:

ಹೇಳಲು ನಾಚಿಕೆ. ಪಂಚಾಯಿತಿ ಲೈಸೆನ್ಸು ಅಪ್ಪನ ಹೆಸರಲ್ಲಿ. ಆಹಾರ ಸುರಕ್ಷತಾ ಇಲಾಖೆಯ 100 ರೂಪಾಯಿ ನೋಂದಣಿ ನನ್ನ ಹೆಸರಲ್ಲಿ. ಕ್ಯೂಆರ್ ಕೋಡು ನನ್ನ ಹೆಂಡತಿಯ ಖಾತೆಗೆ, ಯಾಕಂದ್ರೆ ಅವತ್ತು ಕಂಪನಿ ಹುಡುಗ ಬಂದಾಗ ಅವಳು ಕೂತಿದ್ದಳು. ಕಟ್ಟಡ ಸತ್ತ ಅಜ್ಜನದ್ದು. ಕರೆಂಟ್ ಬಿಲ್ಲೂ ಅಜ್ಜನದ್ದೇ.

ಲೆಕ್ಕದಮ್ಮ:

ನಿರೀಕ್ಷೆ ಇತ್ತು. ಒಂದು ಅಂಗಡಿ, ನಾಲ್ಕು ಹೆಸರು. ಹಳ್ಳಿಗಳಲ್ಲಿ ನಾನು ನೋಡೋದೆಲ್ಲ ಇದೇ.

2025ರ ಜುಲೈಯಲ್ಲಿ ಏನಾಯಿತು ನೆನಪಿದೆ ಅಲ್ವಾ? ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ ವಹಿವಾಟು ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು ಅನ್ನೋ ನಿಯಮದ ಮೇಲೆ. "ಯುಪಿಐ ಇಲ್ಲ, ನಗದು ಮಾತ್ರ" ಅಂತ ಅಂಗಡಿ ಮುಂದೆ ಚೀಟಿ ಅಂಟಿಸಿದರು. ಹಾಲು, ತರಕಾರಿ, ಹಣ್ಣಿನಂಥ ವಿನಾಯಿತಿ ಇರುವ ಮಾಲು ಮಾರುವವರಿಂದ ಹಳೇ ಬಾಕಿ ವಸೂಲಿ ಮಾಡಲ್ಲ ಅಂತ ಆಮೇಲೆ ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದರು.

ನಿಮ್ಮಂಥ ಅಂಗಡಿಗೆ ಸಮಸ್ಯೆ ಎಲ್ಲಿ ಅಂದರೆ, ಬಿಡಿಯಾಗಿ ತೂಕ ಮಾಡಿ ಕೊಡುವ ಅಕ್ಕಿ, ಬೇಳೆಗೆ ತೆರಿಗೆ ಇಲ್ಲ. ಅದೇ ಅಕ್ಕಿ 25 ಕಿಲೋ ಒಳಗಿನ ಪ್ಯಾಕೆಟ್ಟಿನಲ್ಲಿ ಲೇಬಲ್ ಹಾಕಿ ಬಂದರೆ 2022ರ ಜುಲೈ 18ರಿಂದ 5% ಇದೆ. ಸ್ನಾನದ ಸೋಪು, ಹಲ್ಲಿನ ಪೇಸ್ಟು 18% ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ 5% ಆಯಿತು. ಒಂದೇ ಗಲ್ಲಾಕ್ಕೆ ಎಲ್ಲಾ ಬೀಳುತ್ತೆ. 40 ಲಕ್ಷದ ಲೆಕ್ಕಕ್ಕೆ ತೆರಿಗೆ ಇಲ್ಲದ ಮಾಲೂ ಸೇರುತ್ತೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ದಾಟುವ ಹಾಗಿದ್ದರೆ ರಾಜಿ ತೆರಿಗೆ ಪದ್ಧತಿಗೆ ಹೋಗಿ, ತೆರಿಗೆ ಇರುವ ಮಾಲಿನ ವಹಿವಾಟಿಗೆ 1% ಕಟ್ಟಿದರೆ ಆಯಿತು.

ಇನ್ನೊಂದು ನಿಜ ಹೇಳಿ. ಆ ಕ್ಯೂಆರ್‌ಗೆ ಮಾಲಿನ ದುಡ್ಡು ಬಿಟ್ಟು ಇನ್ನೇನು ಬರುತ್ತೆ?

ಅಂಗಡಿ ಮೊಮ್ಮಗ:

ಚೀಟಿ ದುಡ್ಡು. ಅಡಿಕೆ ಸುಲಿಯೋರ ಕೂಲಿ, ಅದನ್ನ ನಾವು ನಗದು ಮಾಡಿಕೊಡ್ತೀವಿ. ಎಟಿಎಂ 14 ಕಿಲೋಮೀಟರ್ ದೂರ. ಪಕ್ಕದ ಮನೆ ಅಜ್ಜಿಗೆ ಮಗ ದುಬೈಯಿಂದ ಕಳಿಸೋದೂ ಊರಲ್ಲಿರೋ ಅವನ ಗೆಳೆಯನ ಕೈಯಿಂದ ಅದಕ್ಕೇ ಬರುತ್ತೆ.

ಲೆಕ್ಕದಮ್ಮ:

ದೇವರೇ. ಇವತ್ತೇ ಒಂದು ನೋಟ್ ಪುಸ್ತಕ ತಗೊಂಡು ಅದನ್ನೆಲ್ಲ ಬೇರೆ ಬರೆಯಲು ಶುರು ಮಾಡಿ. ನೋಟಿಸ್ ಬಂದರೆ ಅದು ವಿವರಣೆ ಕೇಳುವ ಪತ್ರ, ತೆರಿಗೆಯ ಆದೇಶ ಅಲ್ಲ. ಆದರೆ ವಿವರಣೆ ಕೊಡಲು ಬರವಣಿಗೆ ಬೇಕು. ನಿಮ್ಮಜ್ಜ ಮೂರಾಣೆಯನ್ನು 19 ನಯಾಪೈಸೆ ಅಂತ ಬರೆದಿಟ್ಟರು, ನೀವು ದುಬೈ ದುಡ್ಡು ಬರೆದಿಲ್ಲ!

ಲಾಂಚ್ ಕಟ್ಟೆ:

ಸಂಬಂಧ ಇದೆಯೋ ಇಲ್ಲವೋ, ಬರೆದುಬಿಡುತ್ತೇನೆ. ಹೊಳೆಬಾಗಿಲಿನಲ್ಲಿ, ಶರಾವತಿ ಹಿನ್ನೀರು ದಾಟಿಸುವ ಲಾಂಚ್ ಹತ್ತಿರ ನಮ್ಮದೊಂದು ಗೂಡಂಗಡಿ. ಸಿಗಂದೂರು ದೇವಸ್ಥಾನಕ್ಕೆ ಹೋಗುವವರು ಲಾಂಚಿಗೆ ಕಾಯುತ್ತಾ ನಿಂತಾಗ ಚಾ, ಚುರುಮುರಿ. ಅಪ್ಪನ ಕಾಲದಿಂದ ಕಾಯುವವರ ಮೇಲೆಯೇ ಜೀವನ. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ನಾನೂ ನೋಡಲು ಹೋಗಿದ್ದೆ. ದ್ವೀಪದವರ ಕಷ್ಟ ಗೊತ್ತು, ಸೇತುವೆ ಬೇಕಿತ್ತು. ಈಗ ಯಾರೂ ಕಾಯುವುದಿಲ್ಲ. ನನ್ನ ಅಂಗಡಿಗೆ ಕಾಗದ ಏನೂ ಇಲ್ಲ, ಹಾಗಾಗಿ ಕೇಳಲೂ ಏನೂ ಇಲ್ಲ. ನಿಮ್ಮ ಗೆದ್ದಲು ತಿಂದ ಕ್ರಯಪತ್ರವನ್ನು ಲ್ಯಾಮಿನೇಶನ್ ಮಾಡಿಸಿ.

ಹಳೇ ಶಾನುಭೋಗ:

ಲ್ಯಾಮಿನೇಶನ್ ಮಾತ್ರ ಬೇಡ! ಬಿಸಿಗೆ ಹಳೇ ಕಾಗದದ ಮಸಿ ಹೋಗುತ್ತೆ. ಪ್ಲಾಸ್ಟಿಕ್ ಕವರಿನಲ್ಲಿ ಇಡಿ. ಉಪನೋಂದಣಿ ಕಚೇರಿಯಿಂದ ದೃಢೀಕೃತ ನಕಲು ತೆಗೆಸಿ.

ಕರಿಕೋಟು:

ಒಂದು ವಿಷಯ ಬಿಟ್ಟಿದ್ದೆ. ಕಟ್ಟಡ ಬೇರೆ, ವ್ಯಾಪಾರ ಬೇರೆ. ಕಟ್ಟಡದಲ್ಲಿ ಅತ್ತೆಗೆ ಪಾಲಿದೆ. 1988ರ ಮೇಲೆ ಅಪ್ಪ ಸ್ವಂತ ದುಡಿಮೆಯಿಂದ ಬೆಳೆಸಿದ ವ್ಯಾಪಾರದಲ್ಲಿ, ಈಗಿನ ಸರಕಿನಲ್ಲಿ ಅಷ್ಟೇ ಪಾಲು ಕೇಳುವುದು ಕಷ್ಟ. ಹತ್ತಡಿ ಅಂಗಡಿಯನ್ನು ಮೂರು ಮಾಡಲು ಆಗಲ್ಲ. ದಾವೆಗೆ ಹೋದರೆ ಹಾಗೆ ಪಾಲು ಮಾಡಲಾಗದ್ದನ್ನು ಮಾರಿ ದುಡ್ಡು ಹಂಚಿ ಅನ್ನಲು ಕೋರ್ಟಿಗೆ ಅಧಿಕಾರ ಇದೆ, 1893ರ ಕಾಯ್ದೆ. ಅಲ್ಲಿಯವರೆಗೆ ಹೋಗಬೇಡಿ. 1956ರ ಕಾಯ್ದೆಯ 22ನೇ ಕಲಮು ನಿಮ್ಮಂಥವರಿಗೇ ಬರೆದ ಹಾಗಿದೆ: ವಾರಸುದಾರರಲ್ಲಿ ಒಬ್ಬರು ತಮ್ಮ ಪಾಲು ಮಾರಲು ಹೊರಟರೆ, ಮೊದಲು ಕೊಳ್ಳುವ ಹಕ್ಕು ಉಳಿದ ವಾರಸುದಾರರದ್ದು.

ಹಕ್ಕು ಬಿಟ್ಟವಳು:

ಎಲ್ಲಾ ಸರಿ. ಅತ್ತೆ ಪುಸ್ತಕ ಯಾಕೆ ಕೇಳಿದರು ಅಂತ ಯಾರಾದರೂ ಯೋಚನೆ ಮಾಡಿದ್ರಾ?

ಅಂಗಡಿ ಮೊಮ್ಮಗ:

ನಿಮ್ಮ ಪ್ರಶ್ನೆ, ಬ್ಯಾಡಗಿಯವರ "ಬರವಣಿಗೆ ಯಾರದ್ದು" ಎರಡೂ ತಲೆಯಲ್ಲಿ ಕೊರೆಯುತ್ತಿತ್ತು. ನಿನ್ನೆ ರಾತ್ರಿ ಅಂಗಡಿ ಬಾಗಿಲು ಹಾಕಿದ ಮೇಲೆ ಪುಸ್ತಕಗಳನ್ನು ಸಾಲಾಗಿ ಇಟ್ಟು ನೋಡಿದೆ.

1957ರಿಂದ 64ರವರೆಗೆ ಅಜ್ಜನ ಅಕ್ಷರ. ಮೋಡಿ ಲಿಪಿಯ ಹಾಗೆ, ಕೈ ಎತ್ತದೆ ಎಳೆದದ್ದು. 1966ರಿಂದ ಬೇರೆ ಅಕ್ಷರ. ದುಂಡಗೆ, ಗೆರೆ ಬಿಟ್ಟು ಆಚೀಚೆ ಹೋಗಿಲ್ಲ. ಒಂದು ಅಂಕಿ ತಿದ್ದಿದ್ದರೆ ಪಕ್ಕದಲ್ಲಿ ಸಣ್ಣದಾಗಿ ಯಾಕೆ ಅಂತ ಬರೆದಿದೆ. "ಬೆಲ್ಲ ವಾಪಸ್." "ಮಗು ಬಂದಿತ್ತು, ದೊಡ್ಡವರನ್ನು ಕೇಳಿ ನೋಡಬೇಕು." ಇದು 1975ರ ವೈಶಾಖದವರೆಗೆ. ಆಮೇಲೆ ಎರಡು ತಿಂಗಳು ಪುಟ ಖಾಲಿ. ಆಮೇಲೆ ಅಪ್ಪನ ಕೋಳಿಕಾಲು ಶುರು.

ಅಪ್ಪನನ್ನು ಕೇಳಿದೆ. "ಅಕ್ಕ ಬರೀತಿದ್ಲು" ಅಂದರು. ಇಷ್ಟು ವರ್ಷ ಈ ಮಾತು ನಮ್ಮ ಮನೆಯಲ್ಲಿ ಬಂದೇ ಇಲ್ಲ.

ಶರಾವತಿ ಆಚೆ:

ಹಾಗಾದರೆ ನಮ್ಮಜ್ಜಿಯ ಥರದವರ ಲೆಕ್ಕ ಬರೆದದ್ದೂ ಅವರೇ. "ಮಗು ಬಂದಿತ್ತು" ಅಂತ ಬರೆದದ್ದು ಅವರೇ ಅಲ್ವಾ? ಆ ಒಂದು ಸಾಲಿಗೆ ನಮಸ್ಕಾರ ಹೇಳಿ.

ಅಂಗಡಿ ಮೊಮ್ಮಗ (ಹತ್ತು ದಿನದ ನಂತರ):

ಅತ್ತೆ ಬಂದು ಹೋದರು. ಕೇಳಿದವರಿಗೆಲ್ಲ ಒಂದೇ ಕಡೆ ಹೇಳುತ್ತೇನೆ.

ಬಂದವರು ಒಳಗೆ ಹೋಗಲಿಲ್ಲ. ಜಗಲಿ ಮೇಲೆ ಕೂತು, ಕನ್ನಡಕ ಹಾಕಿಕೊಂಡು, 1969ರದ್ದು ಕೊಡು ಅಂದರು. ಪುಟ ತಿರುವುತ್ತಾ ಒಂದೊಂದು ಮನೆಯ ಹೆಸರು ಓದಿ, ಈಗ ಅಲ್ಲಿ ಯಾರಿದ್ದಾರೆ ಅಂತ ಕೇಳಿದರು. ಅಪ್ಪ ಕಂಬಕ್ಕೆ ಒರಗಿ ನಿಂತು ಉತ್ತರ ಕೊಡುತ್ತಿದ್ದರು, ಪರೀಕ್ಷೆಗೆ ನಿಂತವರ ಹಾಗೆ. ಒಂದು ಕಡೆ ಬೆರಳಿಟ್ಟು ಅತ್ತೆ, "ಇದು ನನ್ನದಲ್ಲ, ನೀನು ಗೀಚಿದ್ದು. ಆವತ್ತು ಅಪ್ಪಯ್ಯನ ಹತ್ರ ನಾನು ಬೈಸಿಕೊಂಡೆ" ಅಂದರು. ಅಪ್ಪ ನಕ್ಕರು. ನಾನು ಅವರು ನಕ್ಕದ್ದನ್ನು ನೋಡಿ ಬಹಳ ದಿನ ಆಗಿತ್ತು.

ಆಮೇಲೆ ಅತ್ತೆಯೇ ವಿಷಯಕ್ಕೆ ಬಂದರು. "ಏಳನೇ ಕ್ಲಾಸಿಗೆ ಶಾಲೆ ಬಿಡಿಸಿ ಇಲ್ಲಿ ಕೂರಿಸಿದ್ರು. ಒಂಬತ್ತು ವರ್ಷ ಬರೆದೆ. ನನಗೆ ದುಡ್ಡು ಬೇಡ, ಈಗಂತೂ ಬೇಡ. ಆದ್ರೆ ಹಕ್ಕು ಬಿಡು ಅಂತ ಪತ್ರ ತರಬೇಡ, ಸಹಿ ಹಾಕಲ್ಲ. ಖಾತೇಲಿ ಮೂವರ ಹೆಸರೂ ಬರಲಿ. ಸಾಲಕ್ಕೆ ಜೊತೆಗೆ ಸಹಿ ಹಾಕ್ತೀನಿ. ಎಷ್ಟು ಸಾಲ, ಬಡ್ಡಿ ಎಷ್ಟು, ಎಷ್ಟು ವರ್ಷಕ್ಕೆ, ಮೊದಲು ಅದು ಹೇಳು."

ಹೇಳಿದೆ. ಬಡ್ಡಿ ಜಾಸ್ತಿಯಾಯಿತು, ಸಹಕಾರಿ ಸಂಘದಲ್ಲಿ ಕೇಳಿದ್ಯಾ ಅಂದರು. ಕೇಳಿರಲಿಲ್ಲ.

ಹೊರಡುವಾಗ 1969ರ ಪುಸ್ತಕ ತಾನು ಒಯ್ಯುತ್ತೇನೆ ಅಂದರು. ಅಪ್ಪ, "ತಗೊಂಡು ಹೋಗು, ಕೇಳೋದೇನು" ಅಂದರು. "ಬರ್ಕೊ" ಅಂದರು ಅತ್ತೆ. ಅಪ್ಪ ಅವತ್ತಿನ ಪುಸ್ತಕ ತೆಗೆದು, ತಾರೀಖು ಹಾಕಿ, "ಹಳೇ ಕಿರ್ದಿ 1, ಅಕ್ಕನಿಗೆ" ಅಂತ ಬರೆದರು. ಅತ್ತೆ ಓದಿ ನೋಡಿಯೇ ಬಸ್ಸು ಹತ್ತಿದ್ದು.

ಈಗ ಶಾನುಭೋಗರಿಗೆ ಪ್ರಶ್ನೆ. ಮೂವರ ಹೆಸರಿಗೆ ಜಂಟಿ ಖಾತೆಗೆ ಏನೇನು ಬೇಕು? ಒಂದು ತೊಡಕಿದೆ. ಮದುವೆಯಲ್ಲಿ ಅತ್ತೆಯ ಹೆಸರು ಬದಲಿಸಿದ್ದರು. ಆಧಾರಿನಲ್ಲಿ ಗಂಡನ ಮನೆಯ ಹೆಸರಿದೆ. ಹುಟ್ಟಿದ ಹೆಸರು ನಮ್ಮಲ್ಲಿ 1966ರ ಕಿರ್ದಿಯ ಮೊದಲ ಪುಟದ ಮೂಲೆಯಲ್ಲಿ ಮಾತ್ರ ಇದೆ, ಪೆನ್ಸಿಲಿನಲ್ಲಿ.

ಹಳೇ ಶಾನುಭೋಗ:

ಕಿರ್ದಿ ನಡೆಯಲ್ಲಪ್ಪ. ಶಾಲೆಗೆ ಹೋಗಿ ಏಳನೇ ಕ್ಲಾಸಿನ ಟಿ.ಸಿ. ನಕಲು ತಗೊಳ್ಳಿ, ಹಳೇ ದಾಖಲಾತಿ ಪುಸ್ತಕ ಇಟ್ಟಿರುತ್ತಾರೆ. ಎರಡೂ ಹೆಸರು ಒಬ್ಬರದ್ದೇ ಅಂತ ನೋಟರಿ ಮುಂದೆ ಅಫಿಡವಿಟ್. ಅಜ್ಜ, ಅಜ್ಜಿ ಇಬ್ಬರದ್ದೂ ಮರಣ ಪ್ರಮಾಣಪತ್ರ. ಅದಾದ ಮೇಲೆ ವಂಶವೃಕ್ಷಕ್ಕೆ ಅರ್ಜಿ. ಶಾಲೆ ಮುಳುಗಿದ ಊರಿನದ್ದಲ್ಲ ತಾನೇ?

ಅಂಗಡಿ ಮೊಮ್ಮಗ:

ಅಲ್ಲ. ಈ ಊರಿನದ್ದೇ. ಅಂಗಡಿ ಎದುರಿಗೇ ಇದೆ. ನಾಳೆ ಹತ್ತು ಗಂಟೆಗೆ ಹೆಡ್‌ಮಾಸ್ಟರು ಬೀಡಾ ತಗೊಳ್ಳಲು ಬರುತ್ತಾರೆ, ಆಗಲೇ ಕೇಳುತ್ತೇನೆ. ಅವರದ್ದೂ ಸ್ವಲ್ಪ ಬಾಕಿ ಇದೆ.